ಮುರಕಲ್ಲಿನ ನೆಲ, ತುಕ್ಕು ಮೊಳೆಗಳ ತೋಟ: ಮೆಟಲ್ ಡಿಟೆಕ್ಟರ್ ಹಿಡಿದು ಕಳೆದ ಚಿನ್ನ ಹುಡುಕುವ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಕಡೆ ಮೆಟಲ್ ಡಿಟೆಕ್ಟರ್ ಹಿಡಿದುಕೊಂಡು ತೋಟಕ್ಕಿಳಿದರೆ ದಾರಿಯಲ್ಲಿ ಹೋಗುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಏನು ಭಾವ, ನಿಧಿ ಉಂಟೋ?” ನಿಧಿಯ ಮಾತು ಕಡೆಗೆ ಬರುತ್ತದೆ, ಕಾನೂನಿನ ಜೊತೆಯಲ್ಲೇ. ಈ ಬರಹ ಅದಕ್ಕಿಂತ ಸಣ್ಣ ಸಂಗತಿಗಾಗಿ ಇದೆ. ಅಡಿಕೆ ಹೆಕ್ಕುವಾಗ ಬೆರಳಿನಿಂದ ಜಾರಿದ ಉಂಗುರ, ಸೊಪ್ಪು ಹೊರುವಾಗ ಕೊಂಡಿ ಬಿಟ್ಟ ಕರಿಮಣಿ ಸರ, ದನದ ಹಟ್ಟಿಯಲ್ಲಿ ಬಿದ್ದ ಕಿವಿಯೋಲೆ. ಪವನಿಗೆ, ಅಂದರೆ ಎಂಟು ಗ್ರಾಂ ಚಿನ್ನಕ್ಕೆ, ಈಗಿರುವ ಬೆಲೆಯಲ್ಲಿ ಇಂಥದ್ದೊಂದು ಕಳೆದರೆ ಮನೆಯವರಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಯಂತ್ರ ಕೊಂಡವರಲ್ಲಿ ಹೆಚ್ಚಿನವರು ಅಂತರ್ಜಾಲದ ವಿಡಿಯೊ ನೋಡಿ ಕಲಿತವರು. ಆ ವಿಡಿಯೊಗಳು ಇಂಗ್ಲೆಂಡಿನ ಗೋಧಿ ಗದ್ದೆಯವು, ಅಮೆರಿಕದ ಉದ್ಯಾನಗಳವು. ಅಲ್ಲಿ ನಡೆಯುವ ಸೆಟ್ಟಿಂಗ್ ಬದಿಯಡ್ಕದಲ್ಲೋ ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ನಡೆಯುವುದಿಲ್ಲ. ಇಲ್ಲಿ ನೆಲವೇ ಅರ್ಧ ಕಬ್ಬಿಣ. ಅದರ ಮೇಲೆ ಮೂರು ತಲೆಮಾರಿನ ಮೊಳೆ, ತಂತಿ, ಲಾಳ, ಕತ್ತಿಯ ಚೂರುಗಳು ಸೇರಿಕೊಂಡಿವೆ. ಆದ್ದರಿಂದ ಮೊದಲೇ ಹೇಳುತ್ತೇನೆ: ಪೆಟ್ಟಿಗೆಯ ಮೇಲೆ ಬರೆದಿರುವ ಆಳದ ಲೆಕ್ಕವನ್ನು ಮರೆತುಬಿಡಿ. ನಿನ್ನೆ ಮೊನ್ನೆ ಬಿದ್ದ ಉಂಗುರ ಆಳದಲ್ಲಿ ಇರುವುದೂ ಇಲ್ಲ. ಅದು ಸೋಗೆಯ ಕೆಳಗೆ, ಹೆಚ್ಚೆಂದರೆ ನಾಲ್ಕು ಬೆರಳಿನ ಮಣ್ಣಿನಲ್ಲಿ ಇರುತ್ತದೆ. ಯಂತ್ರವನ್ನು ಶಾಂತವಾಗಿಟ್ಟುಕೊಂಡು, ಮೊಳೆಯ ಪಕ್ಕದಲ್ಲಿರುವ ಚಿನ್ನವನ್ನು ಬೇರೆಯಾಗಿ ಕೇಳಿಸಿಕೊಳ್ಳುವುದಕ್ಕೇ ಕೆಳಗಿನ ಎಲ್ಲ ಹೆಜ್ಜೆಗಳೂ ಮೀಸಲು.

ಮೊದಲು ಮಣ್ಣನ್ನು ಅರಿಯಿರಿ

ನಾವು ಮುರಕಲ್ಲು, ಕೆಂಪುಕಲ್ಲು ಎನ್ನುವುದನ್ನು ಭೂವಿಜ್ಞಾನಿಗಳು ಲ್ಯಾಟರೈಟ್ ಎನ್ನುತ್ತಾರೆ. ಆ ಹೆಸರು ಹುಟ್ಟಿದ್ದೂ ನಮ್ಮ ಕರಾವಳಿಯಲ್ಲಿಯೇ. ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ ಕಂಡ ಕಲ್ಲಿಗೆ ಆ ಹೆಸರಿಟ್ಟು 1807ರಲ್ಲಿ ಪ್ರಕಟಿಸಿದ. ಲಕ್ಷಾಂತರ ವರ್ಷಗಳ ಮಳೆ ಸುಣ್ಣ, ಪೊಟ್ಯಾಶ್, ಮರಳಿನ ಅಂಶಗಳನ್ನು ತೊಳೆದು ಒಯ್ದ ಮೇಲೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು.

ಆದರೆ ಎಲ್ಲ ಕಬ್ಬಿಣದ ಆಕ್ಸೈಡೂ ಡಿಟೆಕ್ಟರ್‌ಗೆ ಒಂದೇ ರೀತಿ ಕಾಣುವುದಿಲ್ಲ. ಕೆಂಪು ಬಣ್ಣ ಕೊಡುವ ಹೆಮಟೈಟ್, ಹಳದಿ ಕೊಡುವ ಗೋಥೈಟ್ ಎರಡೂ ಅಯಸ್ಕಾಂತಕ್ಕೆ ಹೆಚ್ಚು ಸ್ಪಂದಿಸುವುದಿಲ್ಲ. ಕಾಟ ಕೊಡುವವು ಮ್ಯಾಗ್ನಟೈಟ್ ಮತ್ತು ಮ್ಯಾಗ್‌ಹೆಮೈಟ್. ಅದರಲ್ಲೂ ಅತಿಸೂಕ್ಷ್ಮ ಕಣಗಳ ಮ್ಯಾಗ್‌ಹೆಮೈಟ್ ಇದ್ದರೆ, ಯಂತ್ರದ ತುದಿಯ ತಟ್ಟೆಯಲ್ಲಿರುವ ತಂತಿಯ ಸುರುಳಿ, ಅಂದರೆ ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರ ಬದಲಾದಾಗ ಅದರ ಪ್ರತಿಕ್ರಿಯೆ ಸ್ವಲ್ಪ ತಡವಾಗಿ ಬರುತ್ತದೆ. ಲೋಹದಲ್ಲಿ ಹುಟ್ಟಿ ಸುಳಿಯಂತೆ ಸುತ್ತುವ ವಿದ್ಯುತ್ತಿನ ಗುರುತೂ ಇಂಥ ತಡವೇ. ಹೀಗಾಗಿ ಮಣ್ಣೇ ಲೋಹದ ವೇಷ ಹಾಕುತ್ತದೆ.

ಇಲ್ಲಿ ನಮ್ಮ ಕೃಷಿಯ ಒಂದು ಪದ್ಧತಿಯನ್ನು ನೆನಪಿಡಬೇಕು. ಎಲೆ, ಕಸದಂತಹ ಸಾವಯವ ವಸ್ತುವಿನ ಜೊತೆ ಬೆಂಕಿಯ ಬಿಸಿ ಸೇರಿದರೆ ಗೋಥೈಟ್ ಮ್ಯಾಗ್‌ಹೆಮೈಟ್ ಆಗುತ್ತದೆ. ಅಂದರೆ ಹಿರಿಯರು ವರ್ಷ ವರ್ಷ ತರಗೆಲೆಯ ಜೊತೆ ಮಣ್ಣು ಸುಟ್ಟು ಗೊಬ್ಬರಕ್ಕೆ ಸುಡುಮಣ್ಣು ಮಾಡುತ್ತಿದ್ದ ಜಾಗ, ಹಂಡೆಯ ಒಲೆಯಿದ್ದ ಬಚ್ಚಲ ಹಿಂಭಾಗ, ತರಗೆಲೆ ಸುಡುವ ಮೂಲೆ, ಇವೆಲ್ಲ ಸುತ್ತಲಿನ ನೆಲಕ್ಕಿಂತ ಹೆಚ್ಚು ತಂಟೆಯವು. ಹಳೆಯ ಹಂಚಿನ ಚೂರುಗಳೂ ಸುಟ್ಟ ಮಣ್ಣೇ. ಹಂಚಿನ ಮಾಡು ಇಳಿಸಿ ತಾರಸಿ ಹಾಕಿದ ಮನೆಯ ಹಿತ್ತಿಲಿನಲ್ಲಿ ಯಂತ್ರ ಹುಚ್ಚು ಹಿಡಿದಂತೆ ಕೂಗಿದರೆ ಕಾರಣ ಅಲ್ಲೇ ಬಿದ್ದಿರುತ್ತದೆ.

ಪರೀಕ್ಷೆ ಸುಲಭ. ಒಂದು ಬಲವಾದ ನಿಯೋಡಿಮಿಯಂ ಅಯಸ್ಕಾಂತವನ್ನು ಪ್ಲಾಸ್ಟಿಕ್ ತೊಟ್ಟೆಯೊಳಗೆ ಹಾಕಿ ಒಣಗಿದ ಮಣ್ಣಿನಲ್ಲಿ ಉಜ್ಜಿ. ಎತ್ತಿ ನೋಡಿದರೆ ತೊಟ್ಟೆಯ ಹೊರಮೈಗೆ ಕಂದು-ಕಪ್ಪು ನುಣುಪು ಪುಡಿ ಗಡ್ಡದಂತೆ ನಿಂತಿರುತ್ತದೆ. ಜೊತೆಗೆ ಮೆಣಸಿನಕಾಳಿಗಿಂತ ಸಣ್ಣ, ಹೊಳಪಿನ ಕೆಂಗಂದು ಹರಳುಗಳೂ ಅಂಟಿರುತ್ತವೆ. ತೊಟ್ಟೆಯನ್ನು ಒಳಗೆ ಹೊರಗಾಗಿ ಮಗುಚಿ ಅಯಸ್ಕಾಂತವನ್ನು ತೆಗೆದರೆ ಪುಡಿ ಒಳಗೇ ಉಳಿಯುತ್ತದೆ, ಅಯಸ್ಕಾಂತ ಚೊಕ್ಕವಾಗಿರುತ್ತದೆ. ನೇರವಾಗಿ ಉಜ್ಜಿದಿರೋ, ಆ ಪುಡಿಯನ್ನು ಬಿಡಿಸುವುದರಲ್ಲೇ ಸಂಜೆಯಾಗುತ್ತದೆ. ಗಡ್ಡ ದಪ್ಪವಾಗಿದ್ದರೆ ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಬೇಕು. ಏನೂ ಅಂಟದಿದ್ದರೆ ನಿಮ್ಮ ಅದೃಷ್ಟ, ಕೆಲಸ ಅರ್ಧ ಮುಗಿದಂತೆ.

ಯಾವ ಯಂತ್ರ, ಯಾವ ಕಾಯಿಲ್

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆಯವು ಸಿಗುತ್ತವೆ. ಒಂದೇ ಆವರ್ತನದ ವಿಎಲ್ಎಫ್ (ತೀರಾ ಕಡಿಮೆ ಆವರ್ತನದ್ದು), ಏಕಕಾಲಕ್ಕೆ ಹಲವು ಆವರ್ತನ ಬಳಸುವ ಮಲ್ಟಿ ಫ್ರೀಕ್ವೆನ್ಸಿ, ಮತ್ತು ವಿದ್ಯುತ್ತನ್ನು ಬಿಟ್ಟು ಬಿಟ್ಟು ಮಿಡಿಸುವ ಪಲ್ಸ್ ಇಂಡಕ್ಷನ್. ಖನಿಜದ ನೆಲಕ್ಕೆ ಪಲ್ಸ್ ಇಂಡಕ್ಷನ್ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ನಿಜವೇ, ಆಸ್ಟ್ರೇಲಿಯಾದ ಕೆಂಪು ಮಣ್ಣಿನಲ್ಲಿ ಚಿನ್ನದ ಗಟ್ಟಿ ಹುಡುಕುವವರು ಅದನ್ನೇ ಹಿಡಿಯುವುದು. ಆದರೆ ಆ ಯಂತ್ರಕ್ಕೆ ಕಬ್ಬಿಣ ಮತ್ತು ಚಿನ್ನದ ಭೇದ ಸರಿಯಾಗಿ ತಿಳಿಯುವುದಿಲ್ಲ. ಹಳೆಯ ಹಟ್ಟಿಯ ಪಕ್ಕದಲ್ಲಿ ಅದನ್ನು ಆಡಿಸಿದರೆ ಪ್ರತಿಯೊಂದು ಮೊಳೆಯನ್ನೂ ಅಗೆಯಬೇಕಾಗುತ್ತದೆ. ತೋಟದ ಕೆಲಸಕ್ಕೆ ನನ್ನ ಆಯ್ಕೆ ಮಲ್ಟಿ ಫ್ರೀಕ್ವೆನ್ಸಿಯದ್ದು. ಅದಕ್ಕೆ ದುಡ್ಡು ಸಾಲದಿದ್ದರೆ ಮಣ್ಣಿನ ಖನಿಜದ ಸದ್ದನ್ನು ಲೆಕ್ಕದಿಂದ ಬಿಡಿಸುವ ಗ್ರೌಂಡ್ ಬ್ಯಾಲೆನ್ಸನ್ನು ಕೈಯಿಂದ ಹೊಂದಿಸಲು ಬರುವ ವಿಎಲ್ಎಫ್ ತೆಗೆದುಕೊಳ್ಳಿ. ಗ್ರೌಂಡ್ ಬ್ಯಾಲೆನ್ಸ್ ಗುಂಡಿಯೇ ಇಲ್ಲದ ಅಗ್ಗದ ಯಂತ್ರಗಳು ಮುರಕಲ್ಲಿನ ಮೇಲೆ ಆಟಿಕೆಗಳು, ಅವಕ್ಕೆ ಹಣ ಹಾಕಬೇಡಿ.

ಯಂತ್ರಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುವುದು ಕಾಯಿಲ್. ಹೆಚ್ಚಿನ ಯಂತ್ರಗಳ ಜೊತೆ 11 ಇಂಚಿನದು ಬರುತ್ತದೆ. ತೋಟಕ್ಕೆ 6 ಇಂಚಿನ ಆಸುಪಾಸಿನ ಸಣ್ಣದನ್ನು ಬೇರೆಯಾಗಿ ಕೊಳ್ಳಿ. ವಿಸ್ತೀರ್ಣ ಲೆಕ್ಕ ಹಾಕಿದರೆ ಸಣ್ಣದು ದೊಡ್ಡದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಅಂದರೆ ಅದರ ಕೆಳಗೆ ಏಕಕಾಲಕ್ಕೆ ಬರುವ ಮೊಳೆಗಳೂ ಅಷ್ಟೇ ಕಡಿಮೆ, ನೋಡುವ ಖನಿಜದ ಮಣ್ಣೂ ಕಡಿಮೆ. ಎರಡು ಡಿ ಆಕಾರದ ಸುರುಳಿಗಳಿರುವ ಡಿಡಿ ವಿನ್ಯಾಸದ್ದೇ ಇರಲಿ; ಒಂದರೊಳಗೊಂದು ವೃತ್ತವಿರುವ ಕಾನ್‌ಸೆಂಟ್ರಿಕ್ ಕಾಯಿಲ್ ಖನಿಜದ ನೆಲವನ್ನು ಹೆಚ್ಚು ಗ್ರಹಿಸಿ ಗಲಾಟೆ ಮಾಡುತ್ತದೆ.

ಇಷ್ಟಲ್ಲದೆ, ಗುಂಡಿಯೊಳಗೆ ನಿಖರ ಜಾಗ ತೋರಿಸುವ ಕೈಹಿಡಿಯ ಸಣ್ಣ ಡಿಟೆಕ್ಟರ್ ಆದ ಒಂದು ಪಿನ್‌ಪಾಯಿಂಟರ್, ಹೆಡ್‌ಫೋನ್, ಗಟ್ಟಿ ಕೈಹಾರೆ, ಮರದ ಅಥವಾ ಪ್ಲಾಸ್ಟಿಕ್ ಹಲ್ಲಿನ, ಕಸ ಬಾಚುವ ರೇಕ್, ಕೋಲಿನ ತುದಿಗೆ ಕಟ್ಟಿದ ಅಯಸ್ಕಾಂತ, ಎರಡು ಅಡಿಕೆ ಹಾಳೆ. ಹಾಳೆ ಯಾಕೆಂದು ಮುಂದೆ ಹೇಳುತ್ತೇನೆ.

ಕಳೆದುಕೊಂಡವರನ್ನು ಕೂರಿಸಿ ಕೇಳಿ

ಯಂತ್ರ ಹಚ್ಚುವ ಮೊದಲು ಕೇಳಬೇಕಾದ ಪ್ರಶ್ನೆಗಳೇ ಬಹಳ ಸಮಯ ಉಳಿಸುತ್ತವೆ. ಉಂಗುರ ಕೊನೆಯ ಸಲ ಬೆರಳಿನಲ್ಲಿ ಇದ್ದದ್ದು ಖಚಿತವಾಗಿ ಯಾವಾಗ? ಆ ಮೇಲೆ ಯಾವ ಕೆಲಸ? ಕೈ ಒದ್ದೆಯಾದದ್ದು, ಸಾಬೂನು ತಾಗಿದ್ದು, ಗ್ಲೌಸ್ ಕಳಚಿದ್ದು, ಸೊಪ್ಪಿನ ಕಟ್ಟನ್ನು ಕೊಡವಿದ್ದು ಎಲ್ಲಿ? ಮೈಲುತುತ್ತು ಬಿಡುವ ದಿನವಾಗಿದ್ದರೆ ದ್ರಾವಣ ಕಲಸಿದ ಡ್ರಮ್ಮಿನ ಸುತ್ತ ಮೊದಲು ನೋಡಿ. ಮೈಲುತುತ್ತು ತಾಮ್ರದ ಲವಣವೇ ಹೊರತು ಲೋಹವಲ್ಲ, ಮಣ್ಣಿಗೆ ಬಿದ್ದರೂ ಯಂತ್ರ ಅದಕ್ಕೆ ಕೂಗುವುದಿಲ್ಲ.

ತೋಟಕ್ಕೆ ಹೊಸಮಣ್ಣು ಹಾಕಿದ್ದು ಯಾವಾಗ ಎಂದೂ ಕೇಳಿ. ಗುಡ್ಡದಿಂದ ಕೆಂಪುಮಣ್ಣು ತಂದು ಬುಡಕ್ಕೆ ಹಾಕುವ ಮನೆಗಳಲ್ಲಿ, ಮಣ್ಣು ಹಾಕುವ ಮೊದಲು ಕಳೆದದ್ದು ಅಷ್ಟೂ ಮಣ್ಣಿನ ಕೆಳಗೆ ಇರುತ್ತದೆ. ಹಾಕಿದ ಮೇಲೆ ಕಳೆದಿದ್ದರೆ ಮೇಲೆಯೇ. ಕಳೆದ ಜಾಗದಲ್ಲಿ ಹಾರೆ, ಹುಲ್ಲು ಕತ್ತರಿಸುವ ಯಂತ್ರ ಯಾವುದನ್ನೂ ಆಡಿಸದಂತೆ ಮನೆಯವರಿಗೆ ಫೋನಿನಲ್ಲೇ ಹೇಳಿಬಿಡಿ. ಗಾಬರಿಯಲ್ಲಿ ಎಲ್ಲರೂ ಸೇರಿ ಕೆರೆದರೆ ಮೇಲಿದ್ದ ಉಂಗುರ ಒಳಗೆ ಹೋಗುತ್ತದೆ.

ಅದೇ ಬಗೆಯ ಮತ್ತೊಂದು ಆಭರಣ ಮನೆಯಲ್ಲಿದ್ದರೆ ಕೇಳಿ ಪಡೆಯಿರಿ, ಅದರ ಮೇಲೆ ಯಂತ್ರವನ್ನು ಆಡಿಸಿ ಧ್ವನಿ ಮತ್ತು ಪರದೆಯಲ್ಲಿ ಬರುವ ಅಂಕಿ ಗಮನಿಸಿ. ವಿದೇಶಿ ವಿಡಿಯೊಗಳು ಹೇಳುವ ಅಂಕಿಗಳು 10, 14 ಕ್ಯಾರೆಟ್ ಉಂಗುರಗಳವು. ನಮ್ಮದು 22 ಕ್ಯಾರೆಟ್, ಅಂದರೆ 916. ಬೆರಕೆ ಕಡಿಮೆಯಾದಷ್ಟೂ ಚಿನ್ನದ ವಿದ್ಯುತ್ ವಾಹಕತೆ ಹೆಚ್ಚು, ಹಾಗಾಗಿ ಅದೇ ಗಾತ್ರದ ಉಂಗುರಕ್ಕೆ ಅಂಕಿಯೂ ಮೇಲೆ ಹೋಗುತ್ತದೆ. ಸೀಳಿದ ಉಂಗುರ ಬೇರೆ ಕಥೆ. ವೃತ್ತ ಕಡಿದುಹೋದ ಕಾರಣ ವಿದ್ಯುತ್ ಸುತ್ತು ಹಾಕಲಾರದು, ಅಂಕಿ ತೀರಾ ಕೆಳಗಿಳಿಯುತ್ತದೆ.

ಸರ ಎಲ್ಲಕ್ಕಿಂತ ಕಷ್ಟ. ಯಂತ್ರಕ್ಕೆ ಸರ ಕಾಣುವುದಿಲ್ಲ, ಒಂದೊಂದು ಸಣ್ಣ ಕೊಂಡಿ ಕಾಣುತ್ತದೆ. ಎರಡು ಪವನಿನ ಸರಕ್ಕಿಂತ ಅರ್ಧ ಪವನಿನ ಉಂಗುರ ಜೋರಾಗಿ ಕೂಗಬಹುದು. ಕರಿಮಣಿಯಾದರೆ ಹುಡುಕಬೇಕಾದದ್ದು ಅದರ ತಾಳಿಯನ್ನು, ಇಲ್ಲವೇ ಕೊಕ್ಕೆಯನ್ನು. ಆವರ್ತನ ಆಯ್ಕೆ ಮಾಡಲು ಬರುವ ಯಂತ್ರವಾದರೆ ಇಂಥ ಸಣ್ಣ ವಸ್ತುಗಳಿಗೆ ಹೆಚ್ಚಿನ ಕಿಲೋಹರ್ಟ್ಸ್ ಇಡಿ.

ನೆಲವನ್ನು ಚೊಕ್ಕ ಮಾಡಿ

ಮೊದಲ ಸುತ್ತು ಕಣ್ಣಿನದು. ಸೋಗೆ, ಹಾಳೆಗಳನ್ನು ಒಂದೊಂದಾಗಿ ಎತ್ತಿ, ಕೊಡವಿ, ಬದಿಗಿಡಿ. ಬಿದ್ದ ಹಾಳೆಯ ಮಡಿಕೆಯೊಳಗೆ ಉಂಗುರ ಕೂತಿರುವುದುಂಟು, ಯಂತ್ರವೂ ಬೇಡ. ಆಮೇಲೆ ಕಣ್ಣಿಗೆ ಕಾಣುವ ತಂತಿ, ಮುಚ್ಚಳ, ಗುಟ್ಕಾ ಚೀಟಿ, ಮಾತ್ರೆಯ ಹಾಳೆಗಳನ್ನು ಹೆಕ್ಕಿ. ಅಲ್ಯೂಮಿನಿಯಂ ಲೇಪದ ಚೀಟಿ ಸಣ್ಣ ಚಿನ್ನದ ಅಂಕಿಯನ್ನೇ ತೋರಿಸುವ ಕಳ್ಳ.

ಬಳಿಕ ಕೋಲಿಗೆ ಕಟ್ಟಿದ ಅಯಸ್ಕಾಂತವನ್ನು ನೆಲಕ್ಕೆ ತಾಗಿಸಿಕೊಂಡು ಇಡೀ ಜಾಗದಲ್ಲಿ ಎಳೆಯಿರಿ. ಚಿನ್ನ ಅದಕ್ಕೆ ಅಂಟುವುದಿಲ್ಲ, ಮೇಲ್ಪದರದ ಮೊಳೆಗಳು ಅಂಟುತ್ತವೆ. ಇದು ಬೇಸರದ ಕೆಲಸ ಎಂದು ಬಿಡುವವರೇ ಹೆಚ್ಚು. ನನ್ನನ್ನು ಕೇಳಿದರೆ ದುಬಾರಿ ಯಂತ್ರಕ್ಕಿಂತ ಈ ಕಾಲು ಗಂಟೆಯ ಎಳೆದಾಟಕ್ಕೆ ಬೆಲೆ ಹೆಚ್ಚು. ಉಂಗುರವನ್ನು ಯಂತ್ರದ ಕಿವಿಯಿಂದ ಮರೆಮಾಡುವುದು ಆ ಮೊಳೆಗಳೇ.

ಯಂತ್ರವನ್ನು ಹೊಂದಿಸುವುದು

ಸೊಂಟದ ಕತ್ತಿಯನ್ನೂ ಕೊಕ್ಕೆಯನ್ನೂ ದೂರ ಇಡಿ. ನಿಮ್ಮ ಬೆರಳಿನ ಉಂಗುರ ಕಳಚಿ. ಮೊಬೈಲನ್ನು ಮನೆಯ ಜಗಲಿಯಲ್ಲಿ ಬಿಟ್ಟುಬನ್ನಿ. ಕಬ್ಬಿಣದ ಮೂತಿಯ ಬೂಟು ಬೇಡ, ರಬ್ಬರಿನ ಗಂಬೂಟು ಸಾಕು. ವಿಷದ ಕನ್ನಡಿ ಹಾವಿನ ಭಯಕ್ಕೆ ಅದು ಬೇಕೇ ಬೇಕು.

ಹಂದಿಗೋ ಆನೆಗೋ ಹಾಕಿದ ಸೌರ ಬೇಲಿ ಹತ್ತಿರದಲ್ಲಿದ್ದರೆ ಆರಿಸಿ. ಅದು ಸುಮಾರು ಸೆಕೆಂಡಿಗೊಮ್ಮೆ ಮಿಡಿಯುತ್ತದೆ, ಯಂತ್ರವೂ ಅದೇ ತಾಳಕ್ಕೆ ಟಿಕ್ ಟಿಕ್ ಎನ್ನುತ್ತದೆ. ಪಂಪಿನ ಮೋಟಾರನ್ನೂ ನಿಲ್ಲಿಸಿ. ಆ ಮೇಲೆ ಕಾಯಿಲನ್ನು ನೆಲದಿಂದ ಎತ್ತಿ ಹಿಡಿದು ಯಂತ್ರದ ನಾಯ್ಸ್ ಕ್ಯಾನ್ಸಲ್ ಒತ್ತಿ. ಗಾಳಿಯಲ್ಲೇ ಗಲಾಟೆ ಇದ್ದರೆ ಅದು ವಿದ್ಯುತ್ತಿನದು, ನೆಲಕ್ಕಿಳಿಸಿದಾಗ ಮಾತ್ರ ಶುರುವಾದರೆ ಮಣ್ಣಿನದು. ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸದೆ ಮುಂದೆ ಹೋಗಬೇಡಿ, ಏಕೆಂದರೆ ಮದ್ದು ಬೇರೆ ಬೇರೆ.

ಈಗ ಗ್ರೌಂಡ್ ಬ್ಯಾಲೆನ್ಸ್. ಲೋಹವಿಲ್ಲದ ಒಂದು ಮೊಳ ಜಾಗ ಹುಡುಕಿ. ಬೇಡದ ಲೋಹವನ್ನು ಮೌನ ಮಾಡುವ ಡಿಸ್ಕ್ರಿಮಿನೇಶನ್ ಪೂರ್ತಿ ತೆಗೆದು ಕಾಯಿಲ್ ಆಡಿಸಿದಾಗ ಮೌನವಾಗಿರುವ ಜಾಗವೇ ಅದು. ಮೊಳೆಯ ಮೇಲೆ ಬ್ಯಾಲೆನ್ಸ್ ಮಾಡಿದರೆ ಯಂತ್ರ ಮೊಳೆಯನ್ನೇ ನೆಲವೆಂದು ನಂಬುತ್ತದೆ. ಹಳೆಯ ಮನೆಯಂಗಳದಲ್ಲಿ ಅಂಥ ಜಾಗ ಸಿಗದಿದ್ದರೆ ಅದೇ ಬಣ್ಣದ ಮಣ್ಣಿರುವ ಪಕ್ಕದ ಜಾಗಕ್ಕೆ ಹೋಗಿ. ಗುಂಡಿ ಒತ್ತಿಕೊಂಡು ಕಾಯಿಲನ್ನು ಒಂದು ಅಡಿ ಎತ್ತರದಿಂದ ನೆಲಕ್ಕೆ ಎರಡು ಬೆರಳು ಉಳಿಯುವವರೆಗೆ ಇಳಿಸಿ, ಏರಿಸಿ, ಇಳಿಸಿ. ಧ್ವನಿ ಏರುವಾಗಲೂ ಇಳಿಯುವಾಗಲೂ ಒಂದೇ ಆದರೆ ಹೊಂದಿಕೊಂಡಿತು ಎಂದರ್ಥ. 0ರಿಂದ 99ರ ಮಾಪನವಿರುವ ಕೆಲವು ಯಂತ್ರಗಳಲ್ಲಿ ಕೆಂಪು, ಹಳದಿ ಜೇಡಿಮಣ್ಣು 40ರಿಂದ 75ರ ನಡುವೆಯೂ ಮ್ಯಾಗ್ನಟೈಟ್ ತುಂಬಿದ ಮಣ್ಣು ಅದಕ್ಕಿಂತ ಮೇಲೆಯೂ ನಿಲ್ಲುತ್ತದೆ. 25ರ ಕೆಳಗೆ ಬಂತೆಂದರೆ ನೀವು ಬಹುಶಃ ಕಬ್ಬಿಣದ ಮೇಲೆ ನಿಂತಿದ್ದೀರಿ, ಜಾಗ ಬದಲಿಸಿ.

ಮಣ್ಣು ಬದಲಾದಲ್ಲೆಲ್ಲ ಇದನ್ನು ಮತ್ತೆ ಮಾಡಬೇಕು. ಗುಡ್ಡದ ಕೆಂಪುಮಣ್ಣು ಹಾಕಿದ ಬುಡ ಒಂದು, ನೀರು ಹರಿಯುವ ಕಣಿಯ ಬೂದುಮಣ್ಣು ಇನ್ನೊಂದು, ಸುಡುಮಣ್ಣಿನ ಜಾಗ ಮತ್ತೊಂದು. ಮಳೆ ಬಂದು ನೆಲ ನೆನೆದ ಮೇಲೂ ಒಮ್ಮೆ ಮಾಡಿ. ತಾನಾಗಿಯೇ ಹೊಂದಿಸಿಕೊಳ್ಳುವ ಟ್ರ್ಯಾಕಿಂಗ್ ಇದ್ದರೆ ನಡೆಯುವಾಗ ಇರಲಿ. ಸದ್ದು ಸಿಕ್ಕಿದೊಡನೆ ಅದನ್ನು ಆರಿಸಿ, ಇಲ್ಲವಾದರೆ ಅದೇ ಜಾಗದಲ್ಲಿ ಹತ್ತು ಸಲ ಆಡಿಸುವಷ್ಟರಲ್ಲಿ ಯಂತ್ರ ಉಂಗುರವನ್ನೂ ನೆಲದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ.

ಯಂತ್ರ ಎಷ್ಟು ಸಣ್ಣ ಸದ್ದಿಗೆ ಕಿವಿಗೊಡಬೇಕೆಂದು ಹೇಳುವ ಸೆನ್ಸಿಟಿವಿಟಿಯ ವಿಷಯದಲ್ಲಿ ಜಿಪುಣರಾಗಿ. ಚೆಂಡೆಯ ಪಕ್ಕದಲ್ಲಿಟ್ಟ ಮೈಕಿನ ಧ್ವನಿ ಏರಿಸಿದರೆ ಭಾಗವತರ ಪದ ಕೇಳಿಸುವುದಿಲ್ಲ, ಚೆಂಡೆಯೇ ಇನ್ನಷ್ಟು ಜೋರಾಗುತ್ತದೆ. ಮುರಕಲ್ಲಿನ ನೆಲದಲ್ಲಿ ಸೆನ್ಸಿಟಿವಿಟಿ ಏರಿಸುವುದೂ ಅಷ್ಟೇ. ಅರ್ಧದಿಂದ ಶುರುಮಾಡಿ, ಯಂತ್ರ ಸುಮ್ಮನಾಗುವವರೆಗೆ ಇಳಿಸುತ್ತ ಬನ್ನಿ. ಆಮೇಲೆ ಅದೇ ಬಗೆಯ ಆಭರಣವನ್ನು ದಾರ ಕಟ್ಟಿ ನಾಲ್ಕು ಬೆರಳು ಮಣ್ಣಿನಡಿ ಇಟ್ಟು ನೋಡಿ. ಸ್ಪಷ್ಟವಾಗಿ ಕೇಳಿದರೆ ಅಷ್ಟೇ ಸಾಕು. ದಾರ ಕಟ್ಟುವುದನ್ನು ಮಾತ್ರ ಮರೆಯಬೇಡಿ. ಒಂದನ್ನು ಹುಡುಕಲು ಹೋಗಿ ಎರಡು ಕಳೆಯುವುದು ಬೇಡ.

ಡಿಸ್ಕ್ರಿಮಿನೇಶನ್ ಬಳಸಿ ಕಬ್ಬಿಣವನ್ನು ಪೂರ್ತಿ ಮೌನ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ಮೊಳೆಯನ್ನು ಮೌನ ಮಾಡಿದಾಗ ಅದರ ಪಕ್ಕದ ಉಂಗುರವೂ ಆ ಮೌನದಲ್ಲಿ ಸೇರಿಹೋಗುತ್ತದೆ. ಕಬ್ಬಿಣಕ್ಕೆ ತಗ್ಗಿದ ಧ್ವನಿ, ಉಳಿದದ್ದಕ್ಕೆ ಎತ್ತರದ ಧ್ವನಿ, ಹೀಗೆ ಎರಡು ಸ್ವರ ಇಟ್ಟುಕೊಂಡು ಕಿವಿಯಿಂದಲೇ ಬೇರ್ಪಡಿಸಿ. ಕಬ್ಬಿಣದ ಸ್ವರದ ವಾಲ್ಯೂಮ್ ತಗ್ಗಿಸಲು ಬಂದರೆ ತಗ್ಗಿಸಿ. ರಿಕವರಿ ಸ್ಪೀಡ್ ಹೆಚ್ಚಿಡಿ: ಒಂದು ಸದ್ದು ಮುಗಿದು ಮುಂದಿನದಕ್ಕೆ ಯಂತ್ರ ಸಿದ್ಧವಾಗುವ ವೇಗ ಅದು. ಸ್ವಲ್ಪ ಆಳ ಹೋಗುತ್ತದೆ, ಹೋಗಲಿ. ಸಂಶಯದ ಸದ್ದನ್ನು ಕಬ್ಬಿಣವೆಂದೇ ಎಣಿಸುವ ಐರನ್ ಬಯಾಸ್ ಇರುವ ಯಂತ್ರದಲ್ಲಿ ಅದನ್ನು ತಗ್ಗಿಸಿಡಿ. ಸುಳ್ಳು ಸದ್ದು ಹೆಚ್ಚುತ್ತದೆ, ಆದರೆ ಮೊಳೆಗೆ ಒತ್ತಿಕೊಂಡಿರುವ ಚಿನ್ನಕ್ಕೆ ಬಾಯಿ ಸಿಗುತ್ತದೆ.

ನಡೆಯುವ ಕ್ರಮ

ಅಡಿಕೆ ತೋಟದ ಒಂದು ಸೌಕರ್ಯವೆಂದರೆ ಚೌಕಗಳು ನೆಟ್ಟೇ ಇವೆ. ಮರದಿಂದ ಮರಕ್ಕೆ 2.7 ಮೀಟರ್ ಅಂತರ ಶಿಫಾರಸಿನದು. ಹಳೆಯ ತೋಟಗಳಲ್ಲಿ ಹೆಚ್ಚುಕಡಿಮೆ ಇರುತ್ತದೆ. ನಾಲ್ಕು ಮರಗಳ ನಡುವಿನ ಒಂದು ಚೌಕ ಮುಗಿದ ಮೇಲೆಯೇ ಮುಂದಿನದು. ಮುಗಿದ ಚೌಕದ ಮರಕ್ಕೆ ಬಾಳೆನಾರು ಕಟ್ಟಿ. ಕಾಯಿಲನ್ನು ಪ್ರತಿ ಸಲ ಅದರ ಅರ್ಧದಷ್ಟೇ ಮುಂದೆ ಸರಿಸಿ.

ಎತ್ತರ ಒಂದೇ ಸಮನಿರಬೇಕು. ಬೀಸುವ ತುದಿಯಲ್ಲಿ ಕೈ ಮೇಲೇಳುವುದು ಎಲ್ಲರ ಅಭ್ಯಾಸ, ಖನಿಜದ ನೆಲದಲ್ಲಿ ಆ ಏರಿಳಿತವೇ ಸದ್ದಾಗುತ್ತದೆ. ಗಲಾಟೆ ತಡೆಯದಿದ್ದರೆ ಕಾಯಿಲನ್ನು ಒಂದೆರಡು ಇಂಚು ಮೇಲೆತ್ತಿ ನಡೆಯಿರಿ. ಆಳ ಕಳೆದುಕೊಂಡಂತೆ ಅನಿಸಿದರೂ ನೆಲದ ಸದ್ದು ಲೋಹದ ಸದ್ದಿಗಿಂತ ಬೇಗ ಅಡಗುತ್ತದೆ. ಕಸ ಹೆಚ್ಚಿರುವಲ್ಲಿ ದೊಡ್ಡ ಬೀಸು ಬೇಡ. ಒಂದೂವರೆ ಅಡಿ ಅಗಲಕ್ಕೆ ನಿಧಾನವಾಗಿ ಆಚೆ ಈಚೆ ಸಾಕು.

ಕಿವಿಗೆ ಬಂದ ಸದ್ದನ್ನು ಓದುವುದು

ಇಡೀ ವಿದ್ಯೆ ಇರುವುದು ಇಲ್ಲಿ. ಕಬ್ಬಿಣದ ನೆಲದಲ್ಲಿ ಅಂಕಿ ಸುಳ್ಳು ಹೇಳುತ್ತದೆ. ಚಿನ್ನ ಸ್ವಲ್ಪ ಕೆಳಗಿದ್ದರೆ ನೆಲದ ಕಬ್ಬಿಣ ಅದರ ಅಂಕಿಯನ್ನು ಕೆಳಕ್ಕೆ ಎಳೆಯುತ್ತದೆ, ಕೆಲವೊಮ್ಮೆ ಮೊಳೆಯ ಅಂಕಿಯವರೆಗೂ. ಇತ್ತ ತುಕ್ಕು ಹಿಡಿದ ವಾಷರ್, ಸೋಡಾ ಮುಚ್ಚಳ, ಎತ್ತಿನ ಲಾಳದಂತಹ ಚಪ್ಪಟೆ ಅಥವಾ ಬಳೆಯಾಕಾರದ ಕಬ್ಬಿಣ ಬೆಳ್ಳಿಯ ಹಾಗೆ ಎತ್ತರದ ಸ್ವರ ಕೊಡುತ್ತದೆ. ಆದ್ದರಿಂದ ಪರದೆಗಿಂತ ಕಿವಿಯನ್ನು ನಂಬಿ.

ಸದ್ದು ಬಂದಲ್ಲಿ ನಿಂತು ಆ ಬಿಂದುವಿನ ಸುತ್ತ ಕಾಲು ಸುತ್ತು ತಿರುಗಿ, ಅಡ್ಡದಿಂದ ಮತ್ತೆ ಆಡಿಸಿ. ಉಂಗುರ ಉರುಟಾದ ವಸ್ತು. ಯಾವ ಕಡೆಯಿಂದ ಹೋದರೂ ಹೆಚ್ಚು ಬದಲಾಗದ, ಅಂಚು ದುಂಡಗಿನ ಒಂದೇ ಸ್ವರ ಕೊಡುತ್ತದೆ. ಮೊಳೆ ಒಂದು ಕಡೆಯಿಂದ ಚೆನ್ನಾಗಿ ಹಾಡಿ, ಅಡ್ಡದಿಂದ ಗೊರಕೆ ಹೊಡೆಯುತ್ತದೆ. ಇಲ್ಲವೇ ಎರಡು ತುದಿಗಳಿಗೆ ಎರಡು ಸದ್ದು. ಪಿನ್‌ಪಾಯಿಂಟ್ ಒತ್ತಿದಾಗ ಸದ್ದಿನ ಕೇಂದ್ರ ಒಂದು ಗೇಣು ಬದಿಗೆ ಸರಿದರೆ ಅದು ಹೆಚ್ಚಾಗಿ ಕಬ್ಬಿಣ.

ಮೊಳೆಯೂ ಉಂಗುರವೂ ಜೊತೆಯಾಗಿ ಇದ್ದಾಗ ಹೇಗಿರುತ್ತದೆ? ತಗ್ಗಿದ ಗೊರಕೆಯ ನಡುವೆ ಒಂದು ಚಿಕ್ಕ ಎತ್ತರದ ಸ್ವರ ಇಣುಕುತ್ತದೆ, ಬಹಳ ಸಲ ಒಂದೇ ದಿಕ್ಕಿನ ಬೀಸಿನಲ್ಲಿ. ಕಾಯಿಲನ್ನು ಒಂದಂಗುಲ ಆಚೆ ಸರಿಸಿ ತೀರಾ ಸಣ್ಣದಾಗಿ ಅಲುಗಾಡಿಸಿ. ಆ ಸ್ವರ ಪ್ರತಿ ಸಲ ಅದೇ ಬಿಂದುವಿನಲ್ಲಿ ಬಂದರೆ ಅಗೆಯಿರಿ. ಜಾಗ ಬದಲಿಸುತ್ತ ಅಲೆದಾಡಿದರೆ ಮೊಳೆಯ ಚೇಷ್ಟೆ ಎಂದು ಬಿಡಬಹುದು. ಸಂಶಯವಿದ್ದರೆ ಅಗೆಯುವುದೇ ಮೇಲು. ಮೇಲಿನ ಮೊಳೆಯೊಂದನ್ನು ತೆಗೆದರೂ ಆ ಜಾಗ ಮುಂದಿನ ಸುತ್ತಿಗೆ ಚೊಕ್ಕವಾಗುತ್ತದೆ.

ಕಲ್ಲಿನ ಸದ್ದು ಬೇರೆ. ಅದು ಅಗಲ, ಅಂಚಿಲ್ಲದ್ದು. ಕಾಯಿಲನ್ನು ಎತ್ತುತ್ತ ಹೋದರೆ ಲೋಹದ ಸದ್ದು ನಿಧಾನವಾಗಿ ಸಣ್ಣದಾಗುತ್ತದೆ, ಕಲ್ಲಿನದು ಸ್ವಲ್ಪ ಎತ್ತಿದೊಡನೆ ಮಾಯ. ಅನುಮಾನದ ಮುರಕಲ್ಲಿನ ಉಂಡೆಯನ್ನು ಬದಿಗೆ ತೆಗೆದಿಟ್ಟು ಅದರ ಮೇಲೆ ಕಾಯಿಲ್ ಆಡಿಸಿ. ಸದ್ದು ಉಂಡೆಯ ಜೊತೆಗೇ ಹೋದರೆ ಉಂಡೆಯನ್ನು ದೂರ ಎಸೆಯಿರಿ.

ಹಿತ್ತಾಳೆಯ ಬಗ್ಗೆಯೂ ಹೇಳಬೇಕು. ಸ್ಪ್ರಿಂಕ್ಲರಿನ, ಮದ್ದು ಬಿಡುವ ಪಂಪಿನ ನಾಜಲುಗಳು ಸೊಗಸಾದ, ಸ್ಥಿರವಾದ, ಎರಡೂ ಕಡೆಯಿಂದ ಒಂದೇ ಆದ ಸ್ವರ ಕೊಡುತ್ತವೆ. ಅಗೆದಾಗ ಹಸಿರುಗಟ್ಟಿದ ನಾಜಲು ಸಿಕ್ಕರೆ ಬೈಯಬೇಡಿ. ನಿಮ್ಮ ಕಿವಿ ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಕೆಲವು ಜಾಗಗಳ ಸ್ವಭಾವ

ರಬ್ಬರ್ ತೋಟದಲ್ಲಿ ಪ್ರತಿ ಮರಕ್ಕೂ ಹಾಲು ಇಳಿಯುವ ತಗಡಿನ ನಾಲಿಗೆ, ಚಿಪ್ಪು ನಿಲ್ಲಿಸುವ ತಂತಿ ಇರುತ್ತದೆ. ವರ್ಷಗಳಿಂದ ಬಿದ್ದ ಅವುಗಳ ಸಂತತಿ ಬುಡದ ಸುತ್ತ ಒಂದು ಮಾರಿನ ಒಳಗೆ ಇರುತ್ತದೆ. ಸಾಲುಗಳ ನಡುವೆ ಯಂತ್ರ ನಡೆಯಲಿ; ಬುಡದಲ್ಲಿ ಅಯಸ್ಕಾಂತ ಮತ್ತು ಪಿನ್‌ಪಾಯಿಂಟರ್ ಮಾತ್ರ.

ಗೊಬ್ಬರದ ಗುಂಡಿ ಮೇಲ್ನೋಟಕ್ಕೆ ಅಸಹ್ಯವಾದರೂ ಸುಲಭ. ಗೊಬ್ಬರದಲ್ಲಿ ಕಬ್ಬಿಣದ ಖನಿಜ ಕಡಿಮೆ. ಅದನ್ನು ಹಾಳೆಗಳಲ್ಲಿ ತೆಳ್ಳಗೆ ಹರಡಿ ಯಂತ್ರ ಆಡಿಸಿದರೆ ಕಿವಿಯೋಲೆಯ ತಿರುಪು ಕೂಡ ಸಿಗುತ್ತದೆ. ಕೈಗೆ ಗ್ಲೌಸ್ ಇರಲಿ, ಒದ್ದೆ ನೆಲದಲ್ಲಿ ಇಲಿಜ್ವರದ ಭಯ ಸುಳ್ಳಲ್ಲ. ಕಣ್ವತೀರ್ಥ, ಬೇಕಲದ ಮರಳಿನಲ್ಲಿ ಕಥೆಯೇ ಬೇರೆ: ಅಲ್ಲಿ ಉಪ್ಪುನೀರಿನ ವಾಹಕತೆ, ಕರಿಮರಳು ಎರಡೂ ಸೇರುತ್ತವೆ. ಮಲ್ಟಿ ಫ್ರೀಕ್ವೆನ್ಸಿ ಇಲ್ಲದವರು ಒಣ ಮರಳಿಗೆ ತೃಪ್ತರಾಗಬೇಕು.

ಅಗೆಯುವುದು

ಪಿನ್‌ಪಾಯಿಂಟರ್ ಕೂಡ ಮುರಕಲ್ಲಿಗೆ ಮೋಸಹೋಗುತ್ತದೆ. ಅದರ ತುದಿಯನ್ನು ಲೋಹವಿಲ್ಲದ ಮಣ್ಣಿಗೆ ತಾಗಿಸಿ ಹಿಡಿದೇ ಸ್ವಿಚ್ ಒತ್ತಿ. ಆಗ ಆ ಮಣ್ಣನ್ನೇ ಸೊನ್ನೆ ಎಂದು ತಿಳಿದುಕೊಳ್ಳುತ್ತದೆ.

ಬಿಂದುವಿನ ಮೇಲೆಯೇ ಹಾರೆ ಹೊಡೆಯಬೇಡಿ, 22 ಕ್ಯಾರೆಟ್ ಮೆತ್ತಗಿನ ಲೋಹ. ಒಂದು ಗೇಣು ಹೊರಗಿನಿಂದ ಸುತ್ತ ಸಡಿಲಿಸಿ ಮಣ್ಣನ್ನು ಹಾಳೆಯ ಮೇಲೆ ಎತ್ತಿ ಹಾಕಿ. ಮತ್ತೆ ಗುಂಡಿಯ ಮೇಲೆ ಕಾಯಿಲ್ ಆಡಿಸಿ. ಸದ್ದು ಗುಂಡಿಯಲ್ಲಿಲ್ಲದಿದ್ದರೆ ಹಾಳೆಯಲ್ಲಿದೆ. ಹಾಳೆಯ ಮಣ್ಣನ್ನು ಅರ್ಧ ಅರ್ಧವಾಗಿ ಇನ್ನೊಂದು ಹಾಳೆಗೆ ಸುರಿಯುತ್ತ ಬಂದರೆ ನಾಲ್ಕೈದು ಸುರಿತದಲ್ಲಿ ಕೈಹಿಡಿಯಷ್ಟು ಮಣ್ಣು ಉಳಿಯುತ್ತದೆ. ಒಂದು ವಸ್ತು ಸಿಕ್ಕಿತೆಂದು ಗುಂಡಿ ಮುಚ್ಚಬೇಡಿ, ಮತ್ತೊಮ್ಮೆ ನೋಡಿ. ಮೊಳೆಯ ಕೆಳಗೇ ಉಂಗುರ ಕೂತಿರಬಹುದು. ಅಡಿಕೆಯ ಬೇರು ಮೇಲೆಯೇ ಹರಡಿರುತ್ತದೆ, ಕಡಿಯದಂತೆ ನೋಡಿಕೊಳ್ಳಿ. ಪಂಪಿನ ಕೇಬಲು, ಪೈಪು ಹಾದುಹೋಗುವ ಗೆರೆಯನ್ನು ಮನೆಯವರಿಂದ ಮೊದಲೇ ತಿಳಿದಿರಬೇಕು.

ಇಡೀ ಜಾಗ ಮುಗಿದರೂ ಸಿಗದಿದ್ದರೆ ಅದೇ ಚೌಕಗಳನ್ನು ಮೊದಲಿನ ದಿಕ್ಕಿಗೆ ಅಡ್ಡವಾಗಿ ನಡೆಯಿರಿ. ಮೊದಲ ಸುತ್ತಿನಲ್ಲಿ ಮೊಳೆಯ ಹಿಂದೆ ಅಡಗಿದ್ದು ಎರಡನೆಯದರಲ್ಲಿ ಬಯಲಾಗುವುದು ಸಾಮಾನ್ಯ. ಆಗಲೂ ಸಿಗದಿದ್ದರೆ ಜಾಗವೇ ತಪ್ಪು. ಮನೆಗೆ ಮರಳಿ ಪ್ರಶ್ನೆಗಳಿಂದ ಶುರುಮಾಡಿ, ಸ್ನಾನದ ಕೋಣೆಯ ನೀರು ಹೋಗುವ ಕೊಳವೆಯನ್ನೂ ಸೇರಿಸಿ.

ಹಳೆಯ ವಸ್ತು ಸಿಕ್ಕಿದರೆ

ಈಗ ನಿಧಿಯ ಮಾತು. ಕೇರಳದಲ್ಲಿ 1968ರ ನಿಧಿ ಕಾಯ್ದೆ ಇದೆ. ನೆಲದಡಿ ಹೂತಿಟ್ಟ ಬೆಲೆಬಾಳುವ ವಸ್ತು ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕು, ಜಾಗ ನಿಮ್ಮದೇ ಆಗಿದ್ದರೂ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಅನ್ವಯಿಸುತ್ತದೆ. 2024ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ರಬ್ಬರ್ ತೋಟದಲ್ಲಿ ಮಳೆನೀರಿನ ಗುಂಡಿ ತೋಡುತ್ತಿದ್ದ ಉದ್ಯೋಗ ಖಾತರಿಯ ಮಹಿಳೆಯರಿಗೆ ಚಿನ್ನ, ಬೆಳ್ಳಿಯ ವಸ್ತುಗಳು ಸಿಕ್ಕಿದಾಗ ಅವರು ಪೊಲೀಸರಿಗೆ ತಿಳಿಸಿ ಒಪ್ಪಿಸಿದರು. ಮಾಡಬೇಕಾದದ್ದು ಅದನ್ನೇ: ಅಗೆತ ನಿಲ್ಲಿಸಿ, ಇದ್ದಲ್ಲೇ ಬಿಟ್ಟು ಫೋಟೊ ತೆಗೆದು, ಠಾಣೆಗೋ ಗ್ರಾಮ ಕಚೇರಿಗೋ ತಿಳಿಸುವುದು.

ಬೇಕಲ, ಚಂದ್ರಗಿರಿ, ಆರಿಕ್ಕಾಡಿಯಂಥ ಕೋಟೆಗಳ ಬಳಿ ಯಂತ್ರವನ್ನು ಕಾರಿನಿಂದ ಇಳಿಸಲೇಬೇಡಿ. ನಾಗಬನ, ದೈವಸ್ಥಾನದ ಅಂಗಳ, ಕಾಡಿನ ಇಲಾಖೆಯ ಜಾಗವೂ ಹಾಗೆಯೇ. ಖಾಸಗಿ ತೋಟದಲ್ಲಿ ಮಾಲೀಕರು ಎದುರಿಗೆ ಇರುವಾಗಲೇ ಕೆಲಸ ಮಾಡುವುದು ಕ್ಷೇಮ. ಸಿಕ್ಕಿದ್ದನ್ನು ಅವರ ಕಣ್ಣೆದುರಲ್ಲೇ ಎತ್ತಿ ಅವರ ಕೈಗೇ ಕೊಟ್ಟುಬಿಡಿ.

ಮನೆಗೆ ಬಂದ ಮೇಲೆ

ಹೆಕ್ಕಿದ ಮೊಳೆ, ತಂತಿಗಳನ್ನು ಗುಜರಿಗೆ ಹಾಕಿ, ಮತ್ತೆ ತೋಟದ ಮೂಲೆಗೆ ಎಸೆಯಬೇಡಿ. ಕಾಯಿಲಿನ ಅಡಿಯ ಪ್ಲಾಸ್ಟಿಕ್ ಕವಚವನ್ನು ಕಳಚಿ ನೋಡಿ. ಕವಚಕ್ಕೂ ಕಾಯಿಲಿಗೂ ನಡುವೆ ಕೆಂಪು ಪುಡಿ ತೆಳುವಾಗಿ ಕೂತಿರುತ್ತದೆ, ಅದರಲ್ಲಿ ಅಯಸ್ಕಾಂತಕ್ಕೆ ಅಂಟಿದ ಅದೇ ಜಾತಿಯ ಹರಳುಗಳೂ ಇರುತ್ತವೆ. ಅದನ್ನು ಹಾಗೆಯೇ ಬಿಟ್ಟರೆ ಮುಂದಿನ ಸಲ ನೆಲವನ್ನು ಎಷ್ಟು ಬ್ಯಾಲೆನ್ಸ್ ಮಾಡಿದರೂ ಯಂತ್ರ ಕುಟುಕುತ್ತಲೇ ಇರುತ್ತದೆ. ಎರಡನ್ನೂ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಕವಚವನ್ನು ಮತ್ತೆ ಹಾಕಿ.